ಪಂಚಾಯಿತಿ ಬಾಗಿಲಿಗೆ ಬಂದು ನಿಂತ ತಂತಿ

'ತಂತಿ ಬಂದಿದೆ' ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ಹಳ್ಳಿಯ ಮನೆಗಳಲ್ಲಿ ಎದೆ ಧಸಕ್ಕೆನ್ನುತ್ತಿದ್ದ ಕಾಲವೊಂದಿತ್ತು. ಅಂಚೆಯವನು ಸೈಕಲ್ಲಿನಿಂದ ಇಳಿಯುವ ಮೊದಲೇ ಒಳಗೆ ಅಳು ಶುರುವಾಗುತ್ತಿದ್ದುದೂ ಉಂಟು. ಕಾಗದದಲ್ಲಿದ್ದದ್ದು ಮಗನಿಗೆ ಕೆಲಸ ಸಿಕ್ಕ ಸುದ್ದಿಯೇ ಆಗಿರಲಿ, ಓದಿ ಹೇಳುವವರು ಸಿಗುವವರೆಗೆ ಅದು ಸಾವಿನ ಸುದ್ದಿಯೇ. ಕಂಬದಿಂದ ಕಂಬಕ್ಕೆ ಎಳೆದ ಲೋಹದ ತಂತಿಯ ಹೆಸರು ಅದರಲ್ಲಿ ಹರಿದು ಬರುವ ಸುದ್ದಿಗೂ ಅಂಟಿಕೊಂಡಿತ್ತು. 2013ರ ಜುಲೈ 15ರಿಂದ ಟೆಲಿಗ್ರಾಂ ಸೇವೆಯೇ ನಿಂತುಹೋಯಿತು.

ಈಗ ಹಳ್ಳಿಗಳಿಗೆ ಇನ್ನೊಂದು ತಂತಿ ಬಂದಿದೆ. ಇದು ಹೆಚ್ಚಾಗಿ ರಸ್ತೆಯ ಪಕ್ಕದ ನೆಲದಡಿಯಲ್ಲಿ ಸಾಗುತ್ತದೆ, ಲೋಹದ್ದಲ್ಲ, ಗಾಜಿನದು. ಕೇಂದ್ರ ಸರ್ಕಾರದ 'ಭಾರತ್‌ನೆಟ್' ಯೋಜನೆಯಡಿ 2025ರ ಆರಂಭದ ಹೊತ್ತಿಗೆ ಇಂಥ ಸುಮಾರು 6.9 ಲಕ್ಷ ಕಿಲೋಮೀಟರ್ ಕೇಬಲ್ ಹಾಕಲಾಗಿದೆ, ಸುಮಾರು 2.14 ಲಕ್ಷ ಗ್ರಾಮ ಪಂಚಾಯಿತಿಗಳು 'ಸೇವೆಗೆ ಸಿದ್ಧ'ವಾಗಿವೆ ಎಂಬುದು ಸರ್ಕಾರದ ಲೆಕ್ಕ. ಹಳ್ಳಿಗಳಿಗೆ ಬ್ರಾಡ್‌ಬ್ಯಾಂಡ್ ಸಂಪರ್ಕ ಒದಗಿಸಲು ಜಗತ್ತಿನಲ್ಲಿ ನಡೆದಿರುವ ಬಹುದೊಡ್ಡ ಕೆಲಸಗಳಲ್ಲಿ ಇದೂ ಒಂದು.

ಇಷ್ಟಾದರೂ ಪಡಿತರದ ಅಂಗಡಿ, ನಾಡಕಚೇರಿ, ಪಂಚಾಯಿತಿ ಕಚೇರಿಗಳ ಮುಂದೆ ಸಾಲಿನಲ್ಲಿ ನಿಂತವರಿಗೆ ಚಿರಪರಿಚಿತವಾದ ಮಾತು ಮಾತ್ರ ಬದಲಾಗಿಲ್ಲ: 'ಸರ್ವರ್ ಇಲ್ಲ, ನಾಳೆ ಬನ್ನಿ'. ತಪ್ಪು ದೂರದ ಸರ್ವರಿನದೋ ಇಲ್ಲಿಯ ನೆಟ್ಟಿನದೋ, ಕೌಂಟರಿನ ಹೊರಗೆ ನಿಂತವರಿಗೆ ತಿಳಿಯುವ ಮಾರ್ಗವಿಲ್ಲ. ಒಂದು ದಿನದ ಕೂಲಿ ಕಳೆದುಕೊಂಡು ಮನೆಗೆ ಮರಳುವುದಷ್ಟೇ ಅವರ ಪಾಲಿಗೆ ಉಳಿಯುವುದು. ಪಂಚಾಯಿತಿಯ ಬಾಗಿಲವರೆಗೆ ಬಂದ ತಂತಿ ಅಲ್ಲಿಂದ ಮುಂದೆ ಏಕೆ ಹೋಗಲಿಲ್ಲ? ಇದಕ್ಕೆ ಉತ್ತರ ಹುಡುಕಲು ನಾಲ್ಕು ದಶಕ ಹಿಂದಕ್ಕೆ, ಬೆಳಗಾವಿ ಜಿಲ್ಲೆಯ ಒಂದು ಊರಿಗೆ ಹೋಗಿಬರಬೇಕಾಗುತ್ತದೆ.

ಕಿತ್ತೂರಿನ ಪೆಟ್ಟಿಗೆ

ಕಿತ್ತೂರು ಎಂದೊಡನೆ ನೆನಪಾಗುವುದು ರಾಣಿ ಚನ್ನಮ್ಮ ಮತ್ತು 1824ರ ಸಮರ. ಆದರೆ ಈ ಊರಿಗೆ ಹೆಚ್ಚು ಪ್ರಚಾರಕ್ಕೆ ಬಾರದ ಇನ್ನೊಂದು ಹೆಗ್ಗಳಿಕೆಯೂ ಇದೆ. ಭಾರತದ ಎಂಜಿನಿಯರುಗಳೇ ರೂಪಿಸಿದ ಮೊದಲ ಗ್ರಾಮೀಣ ಸ್ವಯಂಚಾಲಿತ ಟೆಲಿಫೋನ್ ಎಕ್ಸ್‌ಚೇಂಜ್ ಕೆಲಸ ಆರಂಭಿಸಿದ್ದು ಇಲ್ಲಿ, 1986ರ ಜುಲೈ ತಿಂಗಳಲ್ಲಿ.

ಅಂದಿನ ಸ್ಥಿತಿಯನ್ನು ಇಂದಿನ ತರುಣರು ಊಹಿಸಿಕೊಳ್ಳುವುದೂ ಕಷ್ಟ. 1980ರ ದಶಕದ ಆರಂಭದಲ್ಲಿ ಸುಮಾರು 70 ಕೋಟಿ ಜನರಿದ್ದ ದೇಶದಲ್ಲಿ ಇದ್ದದ್ದು ಸುಮಾರು 25 ಲಕ್ಷ ಟೆಲಿಫೋನುಗಳು. ಅವುಗಳಲ್ಲಿ ಬಹುಪಾಲು ನಗರಗಳ ಕಚೇರಿ ಮತ್ತು ಸಿರಿವಂತರ ಮನೆಗಳಲ್ಲಿದ್ದವು. ಹಳ್ಳಿಯಿಂದ ಪರ ಊರಿಗೆ ಮಾತಾಡಬೇಕಾದರೆ ಫೋನ್ ಇದ್ದ ಅಂಚೆ ಕಚೇರಿಯನ್ನು ಹುಡುಕಿಕೊಂಡು ಹೋಗಿ, ಟ್ರಂಕ್ ಕಾಲ್ ಬುಕ್ ಮಾಡಿ, ಬೆಂಚಿನ ಮೇಲೆ ಗಂಟೆಗಟ್ಟಲೆ ಕಾಯಬೇಕಿತ್ತು. ಲೈನು ಸಿಕ್ಕಾಗ ಊರಿಗೆಲ್ಲ ಕೇಳುವಂತೆ ಕೂಗಬೇಕಿತ್ತು.

ಈ ಸ್ಥಿತಿಯನ್ನು ಬದಲಿಸುವ ಉದ್ದೇಶದಿಂದ 1984ರ ಆಗಸ್ಟ್‌ನಲ್ಲಿ ಸಿ-ಡಾಟ್ ಎಂಬ ಸಂಶೋಧನಾ ಸಂಸ್ಥೆ ಹುಟ್ಟಿತು. ಅಮೆರಿಕದಿಂದ ಬಂದ ಎಂಜಿನಿಯರ್ ಸ್ಯಾಮ್ ಪಿತ್ರೋಡಾ ಅದರ ಹಿಂದಿನ ಪ್ರೇರಕ ಶಕ್ತಿ, ಜಿ.ಬಿ. ಮೀಮಾಂಸಿ ಅದರ ಕಾರ್ಯನಿರ್ವಾಹಕ ನಿರ್ದೇಶಕರು. 36 ತಿಂಗಳು, 36 ಕೋಟಿ ರೂಪಾಯಿ ಎಂಬುದು ಸರ್ಕಾರಕ್ಕೆ ಅವರು ಕೊಟ್ಟ ಮಾತು. ದೆಹಲಿ ಮತ್ತು ಬೆಂಗಳೂರಿನಲ್ಲಿ ತರುಣ ಎಂಜಿನಿಯರುಗಳ ತಂಡಗಳು ಕೆಲಸಕ್ಕಿಳಿದವು.

ಆಗ ವಿದೇಶಗಳಿಂದ ಬರುತ್ತಿದ್ದ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜುಗಳು ದೊಡ್ಡ ನಗರಗಳಿಗೆಂದೇ ತಯಾರಾದವು. ಅವುಗಳಿಗೆ ಹವಾನಿಯಂತ್ರಿತ ಕೊಠಡಿ ಬೇಕು, ದೂಳು ಸೋಕಬಾರದು. ದಿನಕ್ಕೆ ಹತ್ತು ಸಲ ವಿದ್ಯುತ್ ಹೋಗುವ, ಬೇಸಿಗೆಯಲ್ಲಿ ಕಾದ ಹಂಚಿನಂತಾಗುವ ಊರುಗಳಲ್ಲಿ ಅವು ಬಾಳುವಂತಿರಲಿಲ್ಲ. ಸಿ-ಡಾಟ್ ತಂಡ ಸಮಸ್ಯೆಯನ್ನು ಈ ತುದಿಯಿಂದ ನೋಡಿತು. ಹಳ್ಳಿಯ ಕೋಣೆಯನ್ನು ಯಂತ್ರಕ್ಕೆ ತಕ್ಕಂತೆ ಬದಲಿಸಲು ಸಾಧ್ಯವಿಲ್ಲ; ಹಾಗಾದರೆ ಯಂತ್ರವನ್ನೇ ಆ ಕೋಣೆಗೆ ತಕ್ಕಂತೆ ಮಾಡೋಣ ಎಂದಿತು. ಹೀಗೆ ಹುಟ್ಟಿದ್ದು 128 ಪೋರ್ಟ್‌ಗಳ ಪುಟ್ಟ ಎಕ್ಸ್‌ಚೇಂಜ್. ಎ.ಸಿ. ಇಲ್ಲದೆ, ತಾನಾಗಿಯೇ ಆಡುವ ಗಾಳಿಯಲ್ಲೇ ತಣ್ಣಗಾಗುವಂತೆ ಅದನ್ನು ರೂಪಿಸಲಾಗಿತ್ತು. ಕಿತ್ತೂರಿನಲ್ಲಿ ಕೂತ ಆ ಪೆಟ್ಟಿಗೆ ಮುಂದೆ ದೇಶದ ಸಾವಿರಾರು ಊರುಗಳಿಗೆ ಹೋಯಿತು.

ಬೂತಿನ ಪಾಠ

ಆ ಕಾಲದ ಇನ್ನೊಂದು ಕೊಡುಗೆ ಎಸ್‌ಟಿಡಿ ಬೂತ್. ಪ್ರತಿ ಮನೆಗೂ ಫೋನ್ ಕೊಡುವಷ್ಟು ಹಣ ದೇಶದಲ್ಲಿರಲಿಲ್ಲ. ಹಾಗಿದ್ದಮೇಲೆ ಒಂದು ಫೋನನ್ನು ನೂರು ಜನ ಬಳಸುವಂತೆ ಮಾಡಬಾರದೇಕೆ ಎಂಬುದು ಇದರ ಹಿಂದಿನ ಯೋಚನೆ. ಬಸ್ ನಿಲ್ದಾಣದ ಪಕ್ಕದ ಪುಟ್ಟ ಗೂಡಂಗಡಿ, ಗಾಜಿನ ಕೋಣೆ, ಕೆಂಪಗೆ ಓಡುವ ಮೀಟರು, ರಾತ್ರಿ ದರ ಕಡಿಮೆಯಾಗುವುದನ್ನೇ ಕಾಯುತ್ತ ನಿಂತ ಸಾಲು - 1990ರ ದಶಕವನ್ನು ಕಂಡವರಿಗೆ ಇದನ್ನೆಲ್ಲ ವಿವರಿಸಬೇಕಾಗಿಲ್ಲ.

ಈ ಬೂತುಗಳ ಯಶಸ್ಸಿನ ಗುಟ್ಟು ಯಂತ್ರದಲ್ಲಷ್ಟೇ ಇರಲಿಲ್ಲ. ಪ್ರತಿ ಕರೆಯ ಮೇಲೆ ಬೂತ್ ನಡೆಸುವವರಿಗೆ ಕಮಿಷನ್ ಸಿಗುತ್ತಿತ್ತು. ಅಂಗವಿಕಲರಿಗೆ ಬೂತ್ ಹಂಚಿಕೆಯಲ್ಲಿ ಆದ್ಯತೆಯಿತ್ತು. ಫೋನ್ ಸತ್ತರೆ ಬೂತಿನವರ ಅಂದಿನ ಅನ್ನಕ್ಕೆ ಕಲ್ಲು. ಆದ್ದರಿಂದ ಲೈನ್‌ಮ್ಯಾನನ್ನು ಹುಡುಕಿ, ಕಾಡಿ ಬೇಡಿ, ಚಹಾ ಕುಡಿಸಿಯಾದರೂ ಸರಿಪಡಿಸಿಕೊಳ್ಳುತ್ತಿದ್ದರು.

ಅದೇ ಕಾಲದಲ್ಲಿ ನಡೆದ ಇನ್ನೊಂದು ಪ್ರಯತ್ನದ ಕಥೆ ಬೇರೆಯೇ ಆಯಿತು. ಪ್ರತಿ ಹಳ್ಳಿಗೂ ಒಂದು ಸಾರ್ವಜನಿಕ ಫೋನ್ ಕೊಡುವ ಯೋಜನೆಯಡಿ, ತಂತಿ ಎಳೆಯಲಾಗದ ಕಡೆ ರೇಡಿಯೊ ತರಂಗಗಳ ಮೂಲಕ ಸಂಪರ್ಕ ಒದಗಿಸುವ 'ಮಾರ್' ಎಂಬ ವ್ಯವಸ್ಥೆ ಬಂತು. ದಾಖಲೆಯಲ್ಲಿ ಅಷ್ಟೂ ಹಳ್ಳಿಗಳಿಗೆ ಫೋನ್ ಬಂದಂತಾಯಿತು. ಆದರೆ ಈ ಫೋನುಗಳು ಕೆಟ್ಟು ಕೂತದ್ದೇ ಹೆಚ್ಚು. 2002ರ ನಂತರ ಇಂಥವನ್ನು ಬದಲಾಯಿಸುವುದಕ್ಕೆಂದೇ ಸರ್ಕಾರ ಮತ್ತೆ ಹಣ ಸುರಿಯಬೇಕಾಯಿತು.

ಒಂದು ಕಡೆ ಫೋನನ್ನು ಕಾಯುವವರಿದ್ದರು, ಅದರಿಂದ ಅವರ ಹೊಟ್ಟೆ ತುಂಬುತ್ತಿತ್ತು. ಇನ್ನೊಂದು ಕಡೆ ಫೋನ್ ಇತ್ತು, ಅದನ್ನು ಕೇಳುವವರಿರಲಿಲ್ಲ. ಮುಂದೆ ಬ್ರಾಡ್‌ಬ್ಯಾಂಡ್ ವಿಷಯದಲ್ಲೂ ಈ ವ್ಯತ್ಯಾಸವೇ ನಿರ್ಣಾಯಕವಾಯಿತು.

ನೂರಕ್ಕೆ ಐದು

ಲಾಭವಿಲ್ಲದ ಕಡೆಗೆ ಖಾಸಗಿ ಕಂಪನಿಗಳು ಹೋಗುವುದಿಲ್ಲ. ನಗರದ ಒಂದು ಬಡಾವಣೆಯಲ್ಲಿ ಒಂದು ಕಿಲೋಮೀಟರ್ ಕೇಬಲ್ ಹಾಕಿದರೆ ನೂರಾರು ಗ್ರಾಹಕರು ಸಿಗುತ್ತಾರೆ. ಮಲೆನಾಡಿನಲ್ಲಿ ಅದೇ ಒಂದು ಕಿಲೋಮೀಟರಿಗೆ ಎರಡು ಮನೆ ಸಿಕ್ಕರೆ ಹೆಚ್ಚು. ಈ ಅಂತರವನ್ನು ತುಂಬುವುದಕ್ಕೆಂದು 2002ರ ಏಪ್ರಿಲ್‌ನಲ್ಲಿ 'ಸಾರ್ವತ್ರಿಕ ಸೇವಾ ಬಾಧ್ಯತಾ ನಿಧಿ' ಜಾರಿಗೆ ಬಂತು. ಟೆಲಿಫೋನ್ ಕಂಪನಿಗಳು ತಮ್ಮ ಹೊಂದಾಣಿಕೆಯಾದ ವರಮಾನದಲ್ಲಿ ನೂರಕ್ಕೆ ಐದು ಭಾಗವನ್ನು ಈ ಬಾಬ್ತಿಗೆ ಕಟ್ಟಬೇಕು. ಕೊನೆಗೆ ಇದು ಗ್ರಾಹಕರ ಬಿಲ್ಲಿನಿಂದಲೇ ಬರುವ ಹಣವೆಂದು ಬೇರೆ ಹೇಳಬೇಕಾಗಿಲ್ಲ. 2003ರ ಕಾನೂನು ತಿದ್ದುಪಡಿ ಇದಕ್ಕೆ ಶಾಸನದ ಬಲ ಕೊಟ್ಟಿತು. 2023ರ ದೂರಸಂಪರ್ಕ ಕಾಯ್ದೆಯ ನಂತರ ಇದರ ಹೆಸರು 'ಡಿಜಿಟಲ್ ಭಾರತ್ ನಿಧಿ'. ಬೆಂಗಳೂರಿನಲ್ಲಿ ಫೋನಿಗೆ ಹಣ ತುಂಬಿಸುವವರ ಪಾಲೂ ಹಳ್ಳಿಯ ತಂತಿಯಲ್ಲಿ ಇದೆ ಎಂದಾಯಿತು. ಆದರೆ ವಸೂಲಾದ ಹಣ ಮೊದಲು ಸರ್ಕಾರದ ಖಜಾನೆ ಸೇರಿ, ಸಂಸತ್ತಿನ ಒಪ್ಪಿಗೆಯ ಮೇಲೆ ನಿಧಿಗೆ ಬರಬೇಕು. ಎಲ್ಲ ವರ್ಷವೂ ಅದು ಪೂರ್ತಿ ಬಂದು ಖರ್ಚಾಗಲಿಲ್ಲ.

ಇಷ್ಟಕ್ಕೂ ಬ್ರಾಡ್‌ಬ್ಯಾಂಡ್ ಎಂದರೇನು? ಇದಕ್ಕೆ ಸರ್ಕಾರ ಕೊಟ್ಟ ಉತ್ತರವೇ ಕಾಲಕಾಲಕ್ಕೆ ಬದಲಾಗಿದೆ. 2004ರ ಬ್ರಾಡ್‌ಬ್ಯಾಂಡ್ ನೀತಿಯ ಪ್ರಕಾರ ಸೆಕೆಂಡಿಗೆ 256 ಕಿಲೋಬಿಟ್ ವೇಗವಿದ್ದರೆ ಸಾಕಿತ್ತು. 2013ರಲ್ಲಿ ಅದು 512 ಆಯಿತು. 2023ರಲ್ಲಿ 2 ಮೆಗಾಬಿಟ್‌ಗೆ ಏರಿತು. ಒಂದು ಪಹಣಿ ಪತ್ರ ತೆರೆಯುವುದಕ್ಕೆ ಮೊದಲಿನ ವೇಗ ಸಾಕಾಗಬಹುದು. ಮಗುವಿನ ಪಾಠದ ವಿಡಿಯೊ ನೋಡುವುದಕ್ಕೆ ಸಾಲದು.

2004ರ ನೀತಿ 2010ರ ಹೊತ್ತಿಗೆ 2 ಕೋಟಿ ಬ್ರಾಡ್‌ಬ್ಯಾಂಡ್ ಗ್ರಾಹಕರನ್ನು ಹೊಂದುವ ಗುರಿ ಇಟ್ಟುಕೊಂಡಿತ್ತು. ಗಡುವು ಮುಗಿದಾಗ ಆದದ್ದು ಅದರ ಅರ್ಧಕ್ಕಿಂತ ತುಸು ಹೆಚ್ಚು ಮಾತ್ರ. ಅವರಲ್ಲೂ ಬಹುತೇಕರು ನಗರವಾಸಿಗಳು. ಆಗಿನ ಬ್ರಾಡ್‌ಬ್ಯಾಂಡ್ ಬರುತ್ತಿದ್ದುದು ಹಳೆಯ ಟೆಲಿಫೋನಿನ ತಾಮ್ರದ ತಂತಿಯಲ್ಲಿ. ಎಕ್ಸ್‌ಚೇಂಜಿನಿಂದ ನಾಲ್ಕೈದು ಕಿಲೋಮೀಟರ್ ದಾಟುವಷ್ಟರಲ್ಲಿ ತಾಮ್ರದಲ್ಲಿನ ಸಂಕೇತ ಸೊರಗುತ್ತದೆ. ಹಳ್ಳಿಗಳಿರುವುದೋ ಅದರಿಂದಾಚೆ.

ಗಾಜಿನ ಎಳೆ

ಇದಕ್ಕೆ ಪರಿಹಾರವಾಗಿ ಕಂಡದ್ದು ಆಪ್ಟಿಕಲ್ ಫೈಬರ್. ಅತ್ಯಂತ ಶುದ್ಧವಾದ ಗಾಜಿನಿಂದ ಮಾಡಿದ, ಕೂದಲಿನಷ್ಟೇ ತೆಳ್ಳಗಿನ ಎಳೆ ಇದು. ಹೊರಪದರವೂ ಸೇರಿ ಗಾಜಿನ ದಪ್ಪ 125 ಮೈಕ್ರಾನ್, ಅಂದರೆ ಮಿಲಿಮೀಟರಿನ ಎಂಟನೇ ಒಂದು ಭಾಗ. ಅದರ ನಡುವಿನ ಸುಮಾರು 9 ಮೈಕ್ರಾನಿನ ತಿರುಳಿನಲ್ಲಿ ಬೆಳಕು ಸಾಗುತ್ತದೆ. ತಿರುಳಿನಿಂದ ಹೊರಹೋಗಲು ನೋಡುವ ಬೆಳಕನ್ನು ಹೊರಪದರ ಒಳಕ್ಕೇ ತಿರುಗಿಸಿ ಕಳಿಸುತ್ತದೆ. ಕಣ್ಣಿಗೆ ಕಾಣದ ಈ ಬೆಳಕು ಸೆಕೆಂಡಿಗೆ ಕೋಟಿಗಟ್ಟಲೆ ಸಲ ಮಿನುಗುತ್ತ ಅಕ್ಷರ, ಚಿತ್ರ, ದನಿ ಎಲ್ಲವನ್ನೂ ಹೊತ್ತೊಯ್ಯುತ್ತದೆ.

ಗಾಜಿನಲ್ಲಿರುವ ಕಲ್ಮಶಗಳನ್ನು ತೆಗೆದರೆ ಬೆಳಕನ್ನು ಬಹುದೂರ ಕಳಿಸಬಹುದೆಂದು 1966ರಲ್ಲಿ ತೋರಿಸಿಕೊಟ್ಟ ಚಾರ್ಲ್ಸ್ ಕಾವ್ ಅವರಿಗೆ 2009ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಅದಕ್ಕೂ ಮೊದಲು, 1950ರ ದಶಕದಲ್ಲಿ, ಗಾಜಿನ ಎಳೆಗಳ ಮೂಲಕ ಬೆಳಕಿನ ಚಿತ್ರ ಸಾಗಿಸಿದವರಲ್ಲಿ ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ ಪ್ರಮುಖರು. ಇಂದಿನ ಉತ್ತಮ ಫೈಬರಿನಲ್ಲಿ 15 ಕಿಲೋಮೀಟರ್ ಸಾಗಿದ ಮೇಲೂ ಹೊರಟ ಬೆಳಕಿನ ಸುಮಾರು ಅರ್ಧಭಾಗ ಉಳಿದಿರುತ್ತದೆ. ತಾಲ್ಲೂಕು ಕೇಂದ್ರದಿಂದ ಹಳ್ಳಿಗೆ ಹೋಗಲು ಇದಕ್ಕಿಂತ ಒಳ್ಳೆಯ ವಾಹನ ಬೇಕಿಲ್ಲ.

2011ರ ಅಕ್ಟೋಬರ್ 25ರಂದು ಕೇಂದ್ರ ಸಂಪುಟ 'ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲ'ಕ್ಕೆ ಒಪ್ಪಿಗೆ ನೀಡಿತು. ಸುಮಾರು 2.5 ಲಕ್ಷ ಗ್ರಾಮ ಪಂಚಾಯಿತಿಗಳು, ಪ್ರತಿಯೊಂದಕ್ಕೂ 100 ಮೆಗಾಬಿಟ್ ವೇಗ, ಸುಮಾರು 20,000 ಕೋಟಿ ರೂಪಾಯಿ ವೆಚ್ಚ, ಎರಡು ವರ್ಷದ ಅವಧಿ - ಇದು ಮೂಲ ಲೆಕ್ಕಾಚಾರ. ಬಿಎಸ್‌ಎನ್‌ಎಲ್ ಮುಂತಾದ ಸರ್ಕಾರಿ ಕಂಪನಿಗಳ ಫೈಬರ್ ಆಗಲೇ ಬ್ಲಾಕ್ ಕೇಂದ್ರಗಳವರೆಗೆ ಹೋಗಿತ್ತು. ಅಲ್ಲಿಂದ ಪಂಚಾಯಿತಿಗೆ ಇರುವ ಕೊರತೆಯ ಉದ್ದಕ್ಕೆ ಮಾತ್ರ ಹೊಸ ಕೇಬಲ್ ಹಾಕುವುದು ಯೋಜನೆಯ ಜಾಣ್ಮೆಯಾಗಿತ್ತು. ಬ್ಲಾಕಿನಲ್ಲಿ ಒಂದು ಯಂತ್ರ, ಪಂಚಾಯಿತಿಯಲ್ಲಿ ಒಂದು ಪುಟ್ಟ ಪೆಟ್ಟಿಗೆ. ಇದಕ್ಕೆ ಬಳಸಿದ ತಂತ್ರಜ್ಞಾನವನ್ನು ಬೆಳೆಸಿದ ಸಂಸ್ಥೆಗಳಲ್ಲಿ ಕಿತ್ತೂರಿನ ಪೆಟ್ಟಿಗೆ ಮಾಡಿದ ಅದೇ ಸಿ-ಡಾಟ್ ಕೂಡ ಇತ್ತು.

ಗಡುವುಗಳ ಸಾಲು

ರಾಜಸ್ಥಾನದ ಅಜ್ಮೇರ್ ಜಿಲ್ಲೆಯ ಅರಾಯಿ, ಆಂಧ್ರದ ವಿಶಾಖಪಟ್ಟಣದ ಬಳಿಯ ಪರವಾಡ, ತ್ರಿಪುರಾದ ಪಾನಿಸಾಗರ್ ಎಂಬ ಮೂರು ಬ್ಲಾಕ್‌ಗಳ 59 ಪಂಚಾಯಿತಿಗಳಲ್ಲಿ ಪ್ರಾಯೋಗಿಕ ಕೆಲಸ 2012ರಲ್ಲಿ ಮುಗಿಯಿತು. ಆದರೆ ದೇಶದಾದ್ಯಂತ ಕೆಲಸ ತೆವಳಿತು. ಎರಡು ವರ್ಷದ ಗಡುವು ಬಂತು, ಹೋಯಿತು. 2015ರಲ್ಲಿ ಯೋಜನೆಗೆ 'ಭಾರತ್‌ನೆಟ್' ಎಂದು ಹೊಸ ಹೆಸರು ಬಂತು. ಮೊದಲ ಹಂತದ ಒಂದು ಲಕ್ಷ ಪಂಚಾಯಿತಿಗಳ ಕೆಲಸ ಮುಗಿದದ್ದು 2017ರ ಡಿಸೆಂಬರ್‌ನಲ್ಲಿ. ಹೆಚ್ಚಿನ ಕೆಲಸ ಈ ಹಂತದಲ್ಲೇ ಮುಗಿದ ರಾಜ್ಯಗಳಲ್ಲಿ ಕೇರಳ, ಹರಿಯಾಣಗಳ ಜೊತೆ ಕರ್ನಾಟಕವೂ ಸೇರಿತ್ತು.

ಅದೇ 2017ರಲ್ಲಿ ಯೋಜನಾ ವೆಚ್ಚ 42,068 ಕೋಟಿ ರೂಪಾಯಿಗೆ ಏರಿತು. 2020ರ ಆಗಸ್ಟ್ 15ರಂದು ಕೆಂಪುಕೋಟೆಯಿಂದ ಮಾತಾಡಿದ ಪ್ರಧಾನಿ ನರೇಂದ್ರ ಮೋದಿಯವರು, ಸಾವಿರ ದಿನಗಳಲ್ಲಿ ದೇಶದ ಆರು ಲಕ್ಷಕ್ಕೂ ಹೆಚ್ಚು ಹಳ್ಳಿಗಳಿಗೆ ಫೈಬರ್ ಮುಟ್ಟಿಸುವುದಾಗಿ ಘೋಷಿಸಿದರು. ಆ ಸಾವಿರ ದಿನ 2023ರ ಮೇ ತಿಂಗಳಲ್ಲಿ ಮುಗಿಯಿತು, ಕೆಲಸ ಮುಗಿಯಲಿಲ್ಲ. ನಡುವೆ 2021ರಲ್ಲಿ ಕರ್ನಾಟಕವೂ ಸೇರಿದಂತೆ 16 ರಾಜ್ಯಗಳಲ್ಲಿ ಖಾಸಗಿ ಸಹಭಾಗಿತ್ವದಲ್ಲಿ ಇದನ್ನು ಮಾಡಲು 19,041 ಕೋಟಿ ರೂಪಾಯಿ ನೆರವು ಪ್ರಕಟಿಸಿ ಟೆಂಡರ್ ಕರೆದರೂ ಕಂಪನಿಗಳು ಮುಂದೆ ಬರಲಿಲ್ಲ.

ಗಡುವು ಮೀರುವುದು ಇಲ್ಲಿ ಹೊಸದೇನಲ್ಲ. 1994ರ ದೂರಸಂಪರ್ಕ ನೀತಿ 1997ರೊಳಗೆ ಎಲ್ಲ ಹಳ್ಳಿಗಳಿಗೂ ಫೋನ್ ಎಂದಿತ್ತು; 1999ರ ನೀತಿ ಅದನ್ನೇ 2002ಕ್ಕೆ ಮುಂದೂಡಿತ್ತು. ನೆಲ ಅಗೆಯಲು ಅನುಮತಿ, ಅರಣ್ಯ ಇಲಾಖೆಯ ಒಪ್ಪಿಗೆ, ಕೇಬಲ್ ಮತ್ತು ಪೈಪಿನ ಸರಬರಾಜು ಹೀಗೆ ವಿಳಂಬಕ್ಕೆ ನೂರು ಕಾರಣಗಳಿದ್ದವು. ಆದರೆ ವಿಳಂಬವೊಂದೇ ದೋಷವಾಗಿದ್ದರೆ, ಕೆಲಸ ಮುಗಿದ ಕಡೆಯಾದರೂ ಜನರ ಮನೆಯಲ್ಲಿ ನೆಟ್ ಇರಬೇಕಿತ್ತಲ್ಲ?

ಕಾಲುವೆಯ ಕೊನೆ

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರ ಗೋಳು ಕನ್ನಡ ಪತ್ರಿಕೆಗಳ ಓದುಗರಿಗೆ ಹೊಸದಲ್ಲ. ನಕ್ಷೆಯಲ್ಲಿ ಅವರ ಹೊಲ ನೀರಾವರಿ ಪ್ರದೇಶವೇ. ಮೇಲಿನಿಂದ ಬರುವ ನೀರು ಮಾತ್ರ ಅಲ್ಲಿಯವರೆಗೆ ಬರುವುದಿಲ್ಲ. ಬ್ರಾಡ್‌ಬ್ಯಾಂಡಿನ ಕಥೆಯೂ ಹೆಚ್ಚು ಕಡಿಮೆ ಇದೇ.

ಮೊದಲ ತೊಡಕು ಜಾಲದ ರಚನೆಯದು. ಬ್ಲಾಕಿನಿಂದ ಹೊರಟ ಕೇಬಲ್ ಮರದ ಕೊಂಬೆಯಂತೆ ಒಂದು ಊರಿನಿಂದ ಇನ್ನೊಂದಕ್ಕೆ ಕವಲೊಡೆಯುತ್ತ ಹೋಗುತ್ತದೆ. ನಡುವೆ ಎಲ್ಲೋ ರಸ್ತೆ ಅಗಲಿಸುವ ಜೆಸಿಬಿಯ ಹಲ್ಲು ತಾಗಿತೆಂದರೆ ಅಲ್ಲಿಂದಾಚೆಯ ಅಷ್ಟೂ ಪಂಚಾಯಿತಿಗಳು ಒಮ್ಮೆಗೇ ಕತ್ತಲಲ್ಲಿ. ಕುಡಿಯುವ ನೀರಿನವರು ಅಗೆಯುವುದು ಟೆಲಿಫೋನಿನವರಿಗೆ ಗೊತ್ತಿಲ್ಲ, ಇವರು ಹೂತದ್ದು ಲೋಕೋಪಯೋಗಿ ಇಲಾಖೆಗೆ ಗೊತ್ತಿಲ್ಲ. ಹೀಗೆ ಹೇಳದೆ ಕೇಳದೆ ಅಗೆಯುವುದರಿಂದ ವರ್ಷಕ್ಕೆ ಸುಮಾರು 3,000 ಕೋಟಿ ರೂಪಾಯಿ ನಷ್ಟವಾಗುತ್ತಿದೆ ಎಂದು ಸರ್ಕಾರವೇ ಅಂದಾಜು ಮಾಡಿತು. ಅಗೆಯುವ ಮುನ್ನ ತಿಳಿಸುವುದಕ್ಕೆಂದು 2023ರ ಮಾರ್ಚ್‌ನಲ್ಲಿ ಒಂದು ಮೊಬೈಲ್ ಆ್ಯಪ್ ಕೂಡ ಬಂತು.

ಎರಡನೆಯದು ಪಂಚಾಯಿತಿ ಕಚೇರಿಯ ವಸ್ತುಸ್ಥಿತಿ. ಪೆಟ್ಟಿಗೆ ಕೂತದ್ದು ಕಚೇರಿಯ ಗೋಡೆಯ ಮೇಲೆ. ವಿದ್ಯುತ್ ಹೋಗಿ, ಬ್ಯಾಟರಿ ಇಳಿದರೆ ಅದೂ ಮಲಗುತ್ತದೆ. ಸಂಜೆ ಕಚೇರಿಗೆ ಬೀಗ ಬಿದ್ದರೆ ಊರಿನ ಬ್ರಾಡ್‌ಬ್ಯಾಂಡಿಗೂ ಬೀಗ. ಕೆಟ್ಟರೆ ಯಾರಿಗೆ ಹೇಳಬೇಕು? ಕಾರ್ಯದರ್ಶಿಗೆ ನೂರೆಂಟು ಕೆಲಸ. ಬಿಎಸ್‌ಎನ್‌ಎಲ್‌ನಲ್ಲಿ ಸಿಬ್ಬಂದಿಯ ಕೊರತೆ. ಗುತ್ತಿಗೆದಾರ ಬಿಲ್ ಪಡೆದು ಹೋಗಿಯಾಗಿದೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ಪಂಚಾಯಿತಿಯಿಂದ ಮನೆ, ಶಾಲೆ, ಆಸ್ಪತ್ರೆ, ಅಂಗಡಿಗಳವರೆಗಿನ ಕೊನೆಯ ತುಂಡನ್ನು ಯಾರಾದರೂ ಖಾಸಗಿಯವರು ಬಂದು ಹಾಕಿಕೊಳ್ಳುತ್ತಾರೆ ಎಂದು ಯೋಜನೆ ನಂಬಿಕೊಂಡಿತ್ತು. ಅವರು ಬರಲಿಲ್ಲ. ಪ್ರಗತಿಯನ್ನು ಅಳೆದದ್ದು ಹೂತ ಕೇಬಲಿನ ಕಿಲೋಮೀಟರು ಮತ್ತು 'ಸಿದ್ಧ'ವಾದ ಪಂಚಾಯಿತಿಗಳ ಸಂಖ್ಯೆಯಿಂದ. ಆ ತಂತಿಯಲ್ಲಿ ಎಷ್ಟು ಜನ ಏನು ಮಾಡಿದರೆಂಬುದು ಅಷ್ಟಾಗಿ ಲೆಕ್ಕಕ್ಕೆ ಬರಲಿಲ್ಲ. 1990ರ ದಶಕದ 'ಮಾರ್' ಫೋನುಗಳ ಕಥೆ ಹೊಸ ವೇಷದಲ್ಲಿ ಮರಳಿತ್ತು.

ಗುಡ್ಡ ಹತ್ತಿದ ಪಾಠ

ಇದರ ಬೆಲೆ ಏನೆಂಬುದು 2020 ಮತ್ತು 2021ರ ಕೊರೊನಾ ದಿನಗಳಲ್ಲಿ ಎಲ್ಲರಿಗೂ ಕಾಣಿಸಿತು. ಶಾಲೆ ಮುಚ್ಚಿ ಪಾಠ ಫೋನಿಗೆ ಬಂದಾಗ ಮಲೆನಾಡು ಮತ್ತು ಕರಾವಳಿಯ ಒಳನಾಡಿನ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿದರು. ಮಳೆಗೆ ಪ್ಲಾಸ್ಟಿಕ್ ಹೊದಿಸಿದ ಗುಡಿಸಲು ಕಟ್ಟಿಕೊಂಡು ಕೂತರು. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಗುತ್ತಿಗಾರು ಕಡೆಯ ಒಂದು ಚಿತ್ರ ದೇಶದಾದ್ಯಂತ ಸುದ್ದಿಯಾಯಿತು: ಸುರಿಯುವ ಮಳೆಯಲ್ಲಿ ರಸ್ತೆ ಬದಿ ಕೂತು ಪಾಠ ಕೇಳುತ್ತಿರುವ ಮಗಳಿಗೆ ತಂದೆ ಕೊಡೆ ಹಿಡಿದು ನಿಂತಿದ್ದರು. ಶಿವಮೊಗ್ಗ ಜಿಲ್ಲೆಯ ಹಳ್ಳಿಗಳಲ್ಲಿ 'ನೆಟ್‌ವರ್ಕ್ ಇಲ್ಲದಿದ್ದರೆ ಮತವಿಲ್ಲ' ಎಂಬ ಅಭಿಯಾನವೇ ನಡೆಯಿತು. ರಸ್ತೆ, ನೀರು, ಸೇತುವೆಗಳಿಗಾಗಿ ಮತದಾನ ಬಹಿಷ್ಕರಿಸುತ್ತಿದ್ದ ಊರುಗಳ ಬೇಡಿಕೆಯ ಪಟ್ಟಿಗೆ ಹೊಸದೊಂದು ಸೇರ್ಪಡೆಯಾಯಿತು.

ಪಾಠ ಮತ್ತೆ ಶಾಲೆಗೆ ಮರಳಿತು. ಆದರೆ ಸರ್ಕಾರದ ಸೇವೆಗಳು ಕಾಗದಕ್ಕೆ ಮರಳಲಿಲ್ಲ. ಕರ್ನಾಟಕವೇ ಈ ದಾರಿಯಲ್ಲಿ ಮೊದಲಿಗನೆನ್ನಬಹುದು. 'ಭೂಮಿ' ಯೋಜನೆ ರೈತರ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಸೇರಿಸಿ, 2000ದ ದಶಕದ ಆರಂಭದಲ್ಲೇ ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿಗೆ ಪ್ರತಿ ಕೊಡತೊಡಗಿತು. ಗ್ರಾಮ ಲೆಕ್ಕಿಗರ ಹಿಂದೆ ಅಲೆಯುವುದು ತಪ್ಪಿತೆಂದು ರೈತರು ನಿಟ್ಟುಸಿರುಬಿಟ್ಟರು. ಮುಂದೆ ಪಂಚಾಯಿತಿಗಳಲ್ಲಿ ಬಾಪೂಜಿ ಸೇವಾ ಕೇಂದ್ರಗಳು ಬಂದವು. ಪಡಿತರಕ್ಕೆ ಹೆಬ್ಬೆಟ್ಟಿನ ಯಂತ್ರ ಬಂತು. 2023ರ ಜನವರಿಯಿಂದ ಉದ್ಯೋಗ ಖಾತರಿ ಕಾಮಗಾರಿಗಳಲ್ಲಿ ಕೂಲಿಯವರ ಹಾಜರಾತಿಯನ್ನು ದಿನಕ್ಕೆರಡು ಸಲ ಫೋಟೊ ತೆಗೆದು ಆ್ಯಪ್‌ನಲ್ಲಿ ದಾಖಲಿಸುವುದು ಕಡ್ಡಾಯವಾಯಿತು.

ಇದರ ಅರ್ಥವೇನೆಂದರೆ, ಮೊದಲು ಅನುಕೂಲವಾಗಿ ಬಂದ ತಂತಿ ಈಗ ಶರತ್ತಾಗಿದೆ. ಹಿಂದೆ ನೆಟ್ ಇಲ್ಲದವರು ಒಂದು ಸೌಕರ್ಯದಿಂದ ವಂಚಿತರಾಗುತ್ತಿದ್ದರು, ಅಷ್ಟೇ. ಈಗ ಅಕ್ಕಿ, ಪಿಂಚಣಿ, ಕೂಲಿ ಎಲ್ಲವೂ ಸಿಗ್ನಲ್ಲಿಗೆ ಕಟ್ಟುಬಿದ್ದಿವೆ. ಹೆಬ್ಬೆಟ್ಟು ಒತ್ತಿದ ಮುದುಕಿಗೆ ಯಂತ್ರ ಉತ್ತರ ಕೊಡದಿದ್ದರೆ ತಪ್ಪು ಅವಳದಲ್ಲ. ಖಾಲಿ ಚೀಲ ಹಿಡಿದು ಮನೆಗೆ ನಡೆಯುವವಳು ಮಾತ್ರ ಅವಳೇ.

ಮೊಬೈಲ್ ಇದೆಯಲ್ಲ?

ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ನೆಲದ ತಂತಿಯ ಗೊಡವೆ ಏಕೆ ಎಂಬ ಪ್ರಶ್ನೆ ಸಹಜ. 2016ರ ಸೆಪ್ಟೆಂಬರ್‌ನಲ್ಲಿ ಜಿಯೊ ಬಂದ ನಂತರ ಡೇಟಾ ದರ ಪಾತಾಳಕ್ಕಿಳಿದು, ಹಳ್ಳಿಗಳು ಇಂಟರ್‌ನೆಟ್ ಕಂಡದ್ದೇ ಮೊಬೈಲಿನಲ್ಲಿ ಎಂಬುದು ನಿಜ. 2024ರ ಮಾರ್ಚ್‌ನಲ್ಲಿ ದೇಶದಲ್ಲಿದ್ದ 95.44 ಕೋಟಿ ಇಂಟರ್‌ನೆಟ್ ಚಂದಾದಾರಿಕೆಗಳಲ್ಲಿ 39.83 ಕೋಟಿ ಗ್ರಾಮೀಣ ಪ್ರದೇಶದವು. ಜನಸಂಖ್ಯೆಯಲ್ಲಿ ಮೂರರಲ್ಲಿ ಎರಡು ಪಾಲು ಹಳ್ಳಿಗಳಲ್ಲಿರುವಾಗ, ಚಂದಾದಾರಿಕೆಯಲ್ಲಿ ಅವರ ಪಾಲು ಅರ್ಧಕ್ಕಿಂತ ಕಡಿಮೆ ಎಂಬುದೂ ಅಷ್ಟೇ ನಿಜ.

ಮೊಬೈಲ್ ಗೋಪುರವೂ ಗಾಳಿಯಲ್ಲಿ ಬದುಕುವುದಿಲ್ಲ. ಗೋಪುರದಿಂದ ಫೋನಿಗೆ ಸಂಕೇತ ಗಾಳಿಯಲ್ಲಿ ಬರುತ್ತದೆ. ಆದರೆ ಗೋಪುರಕ್ಕೆ ಅದು ಬರುವುದಕ್ಕೆ ಹಿಂದೊಂದು ದಾರಿ ಬೇಕು. ಆ ದಾರಿ ಫೈಬರ್ ಆದರೆ ರಾಜಮಾರ್ಗ. ಗೋಪುರದಿಂದ ಗೋಪುರಕ್ಕೆ ಮೈಕ್ರೊವೇವ್ ಆದರೆ ಕಾಲುದಾರಿ. ಹಳ್ಳಿಯ ಫೋನಿನಲ್ಲಿ ನಾಲ್ಕು ಗೀಟು ಸಿಗ್ನಲ್ ತೋರಿಸುತ್ತಿದ್ದರೂ ಸಂಜೆ ಎಲ್ಲರೂ ಬಳಸುವ ಹೊತ್ತಿಗೆ ಚಕ್ರ ಸುತ್ತುತ್ತಲೇ ಇರುವುದಕ್ಕೆ ಅನೇಕ ಕಡೆ ಈ ಕಾಲುದಾರಿಯೂ ಒಂದು ಕಾರಣ. ಗೋಪುರವೇ ಇಲ್ಲದ 24,680 ಹಳ್ಳಿಗಳಿಗೆ 4ಜಿ ಒದಗಿಸಲು 2022ರ ಜುಲೈನಲ್ಲಿ ಕೇಂದ್ರ ಸರ್ಕಾರ 26,316 ಕೋಟಿ ರೂಪಾಯಿಯ ಪ್ರತ್ಯೇಕ ಯೋಜನೆಗೆ ಒಪ್ಪಿಗೆ ನೀಡಿತು. ಆ ಗೋಪುರಗಳಿಗೂ ಕೊನೆಗೆ ಇಂಥದೇ ಒಂದು ದಾರಿ ಬೇಕು.

ಮತ್ತೆ ಬೂತಿನ ಕಡೆಗೆ

2023ರ ಆಗಸ್ಟ್‌ನಲ್ಲಿ ಒಪ್ಪಿಗೆ ಪಡೆದ ಪರಿಷ್ಕೃತ ಭಾರತ್‌ನೆಟ್ ಯೋಜನೆಯ ಮೊತ್ತ 1,39,579 ಕೋಟಿ ರೂಪಾಯಿ. ಇಷ್ಟು ದೊಡ್ಡ ಮೊತ್ತಕ್ಕಿಂತಲೂ ಅದರಲ್ಲಿ ಮಾಡಿರುವ ಮೂರು ಬದಲಾವಣೆಗಳು ಗಮನಾರ್ಹ.

ಮೊದಲನೆಯದಾಗಿ, ಮರದ ಕೊಂಬೆಯ ರಚನೆ ಬಿಟ್ಟು ಬ್ಲಾಕ್ ಮತ್ತು ಪಂಚಾಯಿತಿಗಳನ್ನು ಬಳೆಯಂತೆ ಸುತ್ತಿಬರುವ ರಚನೆ. ಬಳೆ ಒಂದು ಕಡೆ ತುಂಡಾದರೂ ಇನ್ನೊಂದು ಕಡೆಯಿಂದ ಸುತ್ತಿಕೊಂಡು ಸಂಕೇತ ಬರುತ್ತದೆ. ಎರಡನೆಯದಾಗಿ, ಜಾಲ ಕಟ್ಟಿದ ಗುತ್ತಿಗೆದಾರರೇ ಹತ್ತು ವರ್ಷ ಅದನ್ನು ನೋಡಿಕೊಳ್ಳಬೇಕು. ಕೇಬಲ್ ಹೂತು ಕೈತೊಳೆದುಕೊಳ್ಳುವಂತಿಲ್ಲ. ಮೂರನೆಯದಾಗಿ, ಮನೆಗಳಿಗೆ ಸಂಪರ್ಕ ಕೊಡುವ ಕೆಲಸವನ್ನು ಊರಿನದೇ 'ಉದ್ಯಮಿ'ಗಳಿಗೆ ಒಪ್ಪಿಸಿ, ಬಂದ ಹಣದಲ್ಲಿ ಅವರಿಗೂ ಪಾಲು ಕೊಡುವುದು. ಐದು ವರ್ಷಗಳಲ್ಲಿ ಇಂಥ 1.5 ಕೋಟಿ ಗ್ರಾಮೀಣ ಮನೆ ಸಂಪರ್ಕಗಳ ಗುರಿಯಿದೆ. ಊರಿನ ಕೇಬಲ್ ಟಿ.ವಿ.ಯವರು, ಮೊಬೈಲ್ ಅಂಗಡಿಯವರು, ಡಿಪ್ಲೊಮಾ ಮುಗಿಸಿ ಕೂತ ಹುಡುಗ ಹುಡುಗಿಯರು ಇಂಥ ಕೆಲಸಕ್ಕೆ ಮುಂದಾಗಬಹುದಾದವರು. 2020ರ ಡಿಸೆಂಬರ್‌ನಲ್ಲಿ ಒಪ್ಪಿಗೆಯಾದ 'ಪಿಎಂ-ವಾಣಿ' ಯೋಜನೆಯ ಸಾರ್ವಜನಿಕ ವೈ-ಫೈ ಅಂಗಡಿಯ ಕಲ್ಪನೆಯಂತೂ ನೇರವಾಗಿ ಹಳೆಯ ಎಸ್‌ಟಿಡಿ ಬೂತಿನ ಕುಡಿ.

ರಾಜ್ಯಗಳೂ ತಮ್ಮ ತಮ್ಮ ದಾರಿ ಹುಡುಕಿವೆ. ಆಂಧ್ರಪ್ರದೇಶ ವಿದ್ಯುತ್ ಕಂಬಗಳ ಮೇಲೆ ಫೈಬರ್ ಎಳೆಯಿತು. ತೆಲಂಗಾಣ ಕುಡಿಯುವ ನೀರಿನ ಕೊಳವೆಗೆ ಅಗೆದ ಗುಂಡಿಯಲ್ಲೇ ಫೈಬರಿಗೂ ಜಾಗ ಮಾಡಿತು. ಕೇರಳ 2023ರ ಜೂನ್‌ನಲ್ಲಿ ತನ್ನದೇ 'ಕೆ-ಫೋನ್' ಜಾಲಕ್ಕೆ ಚಾಲನೆ ಕೊಟ್ಟು, 20 ಲಕ್ಷ ಬಡ ಕುಟುಂಬಗಳಿಗೆ ಉಚಿತ ಸಂಪರ್ಕದ ಗುರಿ ಇಟ್ಟುಕೊಂಡಿತು. ಯಾವುದೂ ತೊಂದರೆಯಿಲ್ಲದೆ ಸಾಗಿಲ್ಲ. ಆದರೆ ದೆಹಲಿಯಲ್ಲಿ ಬರೆದ ಒಂದೇ ನಕ್ಷೆ ಎಲ್ಲ ಊರಿಗೂ ಒಗ್ಗುವುದಿಲ್ಲ ಎಂಬ ಅರಿವು ಇವುಗಳ ಹಿಂದಿದೆ.

ಕೊನೆಗೂ ಲೆಕ್ಕ ಇಡುವ ರೀತಿ ಬದಲಾಗದಿದ್ದರೆ ಈ 1.39 ಲಕ್ಷ ಕೋಟಿಯೂ ಹಳೆಯ ಹಾದಿಯನ್ನೇ ಹಿಡಿದೀತು. ಎಷ್ಟು ಕಿಲೋಮೀಟರ್ ಕೇಬಲ್ ಹೂತರು ಎಂಬುದರ ಜೊತೆಗೆ, ಕಳೆದ ತಿಂಗಳು ಎಷ್ಟು ದಿನ ಅದು ಕೆಲಸ ಮಾಡಿತು, ಕೆಟ್ಟದ್ದು ಎಷ್ಟು ಗಂಟೆಯಲ್ಲಿ ಸರಿಹೋಯಿತು ಎಂಬ ಲೆಕ್ಕವನ್ನೂ ಪಂಚಾಯಿತಿಯ ಗೋಡೆಯ ಮೇಲೆ ಜನರಿಗೆ ಕಾಣುವಂತೆ ಬರೆದಿಡುವುದು ದುಬಾರಿ ಬಾಬ್ತೇನಲ್ಲ. ಗ್ರಾಮಸಭೆಯಲ್ಲಿ ಬೀದಿದೀಪ, ಕೊಳವೆಬಾವಿಗಳ ಬಗ್ಗೆ ಕೇಳುವ ಜನ ಇದನ್ನೂ ಕೇಳಿಯಾರು.

ಕಿತ್ತೂರಿನ ಆ ಪುಟ್ಟ ಎಕ್ಸ್‌ಚೇಂಜಿನ ಕಾಲ ಎಂದೋ ಮುಗಿದಿದೆ. ಅದನ್ನು ಮಾಡಿದವರು ಮೊದಲು ಕೇಳಿಕೊಂಡದ್ದು, ಈ ಪೆಟ್ಟಿಗೆ ಇಡುವ ಕೋಣೆ ಹೇಗಿರುತ್ತದೆ ಎಂಬ ಸರಳ ಪ್ರಶ್ನೆ. ಅಲ್ಲಿ ಸೆಖೆ ಇರುತ್ತದೆ, ದೂಳಿರುತ್ತದೆ, ವಿದ್ಯುತ್ ಹೋಗುತ್ತದೆ ಎಂದು ಒಪ್ಪಿಕೊಂಡೇ ಅವರು ಕೆಲಸ ಶುರುಮಾಡಿದರು. ಇಂದಿನ ಗಾಜಿನ ತಂತಿ ಹಾಕುವವರೂ ಅದೇ ಪ್ರಶ್ನೆಯನ್ನು ಪಡಿತರದ ಅಂಗಡಿಯ ಕಟ್ಟೆಯ ಮೇಲೆ, ಚೀಲ ಹಿಡಿದು ಕಾಯುವವರ ಪಕ್ಕದಲ್ಲಿ ಕೂತು ಕೇಳಿಕೊಳ್ಳಬೇಕಾಗಿದೆ.